ನುಡಿ ಪರಿವರ್ತಕಕ್ಕೆ ಸ್ವಂತ ರೆಪೋ: ಇತಿಹಾಸ ಸಮೇತ ಬಿಡಿಸಿದ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಡಿಟಿಪಿ ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ ನುಡಿ ಫಾಂಟಿನ ಹಳೆಯ ಆಸ್ಕಿ (ಆ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುವ) ಕಡತಗಳು ಇನ್ನೂ ರಾಶಿ ಬಿದ್ದಿವೆ. ಅವನ್ನು ಯುನಿಕೋಡ್‌ಗೆ ತರುವ ಪೈಥಾನ್ ಕೋಡ್, ನಾವು ಬೆಳಗಾವಿಯಿಂದ ನೋಡಿಕೊಳ್ಳುವ ಮುಕ್ತ ಎಡಿಟರ್ ಒಂದರ ‘ಲಿಪಿ’ ಫೋಲ್ಡರಿನಲ್ಲಿತ್ತು. ಬಳಸುವವರಿಗೆ ಬೇಕಾದದ್ದು ಪರಿವರ್ತಕ ಮಾತ್ರ. ಅದಕ್ಕಾಗಿ ಇಡೀ ಎಡಿಟರ್ ಇಳಿಸಿಕೊಳ್ಳಿ ಅನ್ನುವುದು ಸರಿಯಲ್ಲ ಎಂದು ಅದನ್ನು ಸ್ವಂತ ರೆಪೋ (ಕೋಡ್ ಮತ್ತು ಅದರ ಬದಲಾವಣೆಗಳ ಇತಿಹಾಸವನ್ನು ಗಿಟ್ ತಂತ್ರಾಂಶ ಇಡುವ ಭಂಡಾರ) ಆಗಿ ಬೇರೆ ಮಾಡಿದೆವು.

ಫೋಲ್ಡರನ್ನು ಕಾಪಿ ಮಾಡಿ ಹೊಸ ರೆಪೋದ ಮೊದಲ ಕಮಿಟ್ (ಸಂದೇಶದೊಂದಿಗೆ ದಾಖಲಾದ ಬದಲಾವಣೆ) ಅಂತ ಹಾಕಿಬಿಡುವುದು ಸುಲಭ. ಆದರೆ ಇಂಥ ಕೋಡಿನಲ್ಲಿ ನಿಯಮ ಕಾಣುತ್ತದೆ, ಕಾರಣ ಕಾಣುವುದಿಲ್ಲ. ‘ಧರ್ಮ’ ಪದವನ್ನೇ ನೋಡಿ. ಯುನಿಕೋಡಿನಲ್ಲಿ ಕ್ರಮ ಧ, ರ, ಹಲಂತ ಚಿಹ್ನೆ (್), ಮ. ನುಡಿಯಲ್ಲಿ ಕಣ್ಣಿಗೆ ಕಂಡ ಕ್ರಮ: ಧ, ಮ, ಕೊನೆಗೆ ಅರ್ಕಾವತ್ತಿನ 240ನೇ ಬೈಟ್. ‘ಮ’ ಅಕ್ಷರವೇ ನುಡಿಯಲ್ಲಿ ಒಂದಕ್ಕಿಂತ ಹೆಚ್ಚು ಬೈಟ್ ಆದ್ದರಿಂದ ಪರಿವರ್ತಕ ಅಷ್ಟನ್ನೂ ಹಿಂದಕ್ಕೆ ದಾಟಿ ರಕಾರವನ್ನು ಕೂರಿಸಬೇಕು. ಎಷ್ಟು ದಾಟಬೇಕು, ಒತ್ತಕ್ಷರ ಬಂದರೆ ಏನು ಎಂಬ ಪ್ರತಿ ಸಾಲಿನ ಹಿಂದೆಯೂ ಒಂದು ಕಮಿಟ್ ಸಂದೇಶ ಇದೆ. ಪ್ರತಿ ಸಾಲು ಯಾರಿಂದ, ಯಾವ ಕಮಿಟ್‌ನಲ್ಲಿ ಬಂತೆಂದು ಹೇಳುವ ‘ಗಿಟ್ ಬ್ಲೇಮ್’ ಅದನ್ನು ತೋರಿಸದಿದ್ದರೆ ಮುಂದೆ ಬರುವವರು ಆ ಸಾಲನ್ನು ಅನವಶ್ಯಕ ಅಂದುಕೊಂಡು ಅಳಿಸುತ್ತಾರೆ. ಬರೆದವರ ಹೆಸರು ಉಳಿಯಬೇಕೆನ್ನುವುದೂ ಅಷ್ಟೇ ಮುಖ್ಯ.

ಕತ್ತರಿಸುವ ಮೊದಲಿನ ಕೆಲಸ ಹಳೆಯ ರೆಪೋದಲ್ಲೇ ನಡೆಯಬೇಕು. ‘ಲಿಪಿ’ಯೊಳಗಿನ ಕೋಡ್ ಎಡಿಟರಿನ ಸೆಟ್ಟಿಂಗ್ಸ್ ಮತ್ತು ಲಾಗಿಂಗ್ ಮಾಡ್ಯೂಲ್‌ಗಳನ್ನು ಇಂಪೋರ್ಟ್ ಮಾಡುತ್ತಿತ್ತು. ಅಲ್ಲಿಂದ ಏನನ್ನೂ ಇಂಪೋರ್ಟ್ ಮಾಡದಂತೆ ತಿದ್ದಿ, ಬೇಕಾದ ಮೌಲ್ಯಗಳನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಟ್ಟು, ಎಲ್ಲ ಟೆಸ್ಟ್ ಪಾಸಾದ ಮೇಲೆಯೇ ಮುಂದಿನ ಹೆಜ್ಜೆ ಇಟ್ಟೆವು. ಈ ಗಂಟು ಬಿಡಿಸದೆ ಬೇರೆ ಮಾಡಿದರೆ ಎರಡು ರೆಪೋಗಳೂ ಒಂದನ್ನೊಂದು ಅವಲಂಬಿಸಿ, ಯಾವುದನ್ನು ಮೊದಲು ಬಿಡುಗಡೆ ಮಾಡಬೇಕೆಂಬುದೇ ತಿಳಿಯದಾಗುತ್ತದೆ.

ಬಿಡಿಸಲು ಬಳಸಿದ್ದು, ಬೇಕಾದ ಕಡತಗಳನ್ನಷ್ಟೇ ಉಳಿಸಿ ಇತಿಹಾಸವನ್ನು ಹೊಸದಾಗಿ ಬರೆಯುವ ‘ಗಿಟ್ ಫಿಲ್ಟರ್-ರೆಪೋ’. ಹಳೆಯ ‘ಫಿಲ್ಟರ್-ಬ್ರಾಂಚ್’ ಬೇಡ, ಇದನ್ನು ಬಳಸಿ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಇದಕ್ಕೆ ಹೊಚ್ಚ ಹೊಸ ಕ್ಲೋನ್ (ರೆಪೋದ ಪೂರ್ತಿ ನಕಲು) ಬೇಕು, ಇಲ್ಲದಿದ್ದರೆ ಕೆಲಸ ಮಾಡಲು ನಿರಾಕರಿಸುತ್ತದೆ. ಅದೇ ಡಿಸ್ಕಿನಿಂದ ಕ್ಲೋನ್ ಮಾಡುವುದಾದರೆ ‘--ನೋ-ಲೋಕಲ್’ ಸೇರಿಸಿ. ನಂತರ ‘--ಅನಲೈಸ್’ ಓಡಿಸಿ, ಅದು ಕೊಡುವ ವರದಿಗಳಲ್ಲಿ ಹೆಸರು ಬದಲಾವಣೆಯ ಕಡತವನ್ನು ನಿಧಾನವಾಗಿ ಓದಿ. ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲೇ. ಫಿಲ್ಟರ್-ರೆಪೋ ಕಡತಗಳ ಹಳೆಯ ಹೆಸರುಗಳನ್ನು ತಾನಾಗಿ ಹಿಂಬಾಲಿಸುವುದಿಲ್ಲ. ಪರಿವರ್ತಕ ಮೊದಲು ‘ಟೂಲ್ಸ್’ ಫೋಲ್ಡರಿನಲ್ಲಿತ್ತು. ಆ ಹಾದಿಯನ್ನೂ ಕೊಡದಿದ್ದರೆ ಅದರ ಮೊದಲ ವರ್ಷಗಳ ಇತಿಹಾಸವೆಲ್ಲ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಎಲ್ಲ ಸೇರಿ ಆಜ್ಞೆ ಹೀಗಿತ್ತು:

ಗಿಟ್ ಫಿಲ್ಟರ್-ರೆಪೋ --ಪಾಥ್ ಲಿಪಿ/ --ಪಾಥ್ ಟೂಲ್ಸ್/ಕನ್ವರ್ಟ್.ಪೈ --ಪಾಥ್ ಲೈಸೆನ್ಸ್ --ಪಾಥ್-ರಿನೇಮ್ ಲಿಪಿ/: --ಟ್ಯಾಗ್-ರಿನೇಮ್ '':'ಎಡಿಟರ್-'

ಲೈಸೆನ್ಸ್ ಕಡತ ರೂಟಿನಲ್ಲಿರುವುದರಿಂದ ಬೇರೆಯಾಗಿ ಹೇಳಬೇಕು. ಆವೃತ್ತಿಗಳನ್ನು ಗುರುತಿಸುವ ಟ್ಯಾಗ್‌ಗಳಿಗೆ ‘ಎಡಿಟರ್-’ ಅಂತ ಮುಂದೆ ಸೇರಿಸದಿದ್ದರೆ ಎಡಿಟರಿನ ಆವೃತ್ತಿಗಳೇ ಪರಿವರ್ತಕದ ಆವೃತ್ತಿಗಳಂತೆ ಕಾಣುತ್ತವೆ. ಸಂದೇಶಗಳಲ್ಲಿನ ‘#52’ ತರಹದ ಉಲ್ಲೇಖಗಳು ಹೊಸ ರೆಪೋದಲ್ಲಿ ಬೇರೆಯದೇ ಇಶ್ಯೂಗೆ (ದೂರು, ಸಲಹೆಗಳ ದಾಖಲೆ) ಹೋಗುತ್ತವೆ. ಹಾಗಾಗಿ ‘--ಮೆಸೇಜ್-ಕಾಲ್‌ಬ್ಯಾಕ್’ ಕೊಟ್ಟು ಅವುಗಳ ಮುಂದೆ ಹಳೆಯ ರೆಪೋದ ಪೂರ್ತಿ ಹೆಸರು ಸೇರಿಸಿದೆವು. ಆ ಕಾಲ್‌ಬ್ಯಾಕ್‌ಗೆ ಬರುವುದು ಸ್ಟ್ರಿಂಗ್ ಅಲ್ಲ, ಬೈಟ್ಸ್. ಹುಡುಕಲು ಬಳಸುವ ರೆಜೆಕ್ಸ್ ಕೂಡ ಬೈಟ್ಸ್‌ನಲ್ಲೇ ಇರಬೇಕು.

ಟೆಸ್ಟ್ ಮಾದರಿಗಳಲ್ಲಿ ಎರಡು ಬಗೆ ಇದ್ದವು. ‘ಕೂಡಲಸಂಗಮದೇವ’ ಅಂಕಿತದ ವಚನಗಳು 12ನೇ ಶತಮಾನದವು, ಹಕ್ಕಿನ ತಕರಾರಿಲ್ಲ. ಇತ್ತೀಚಿನ ಲೇಖಕರ ಗದ್ಯ ಬೇರೆ ಮಾತು: ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಆ ಕಡತಗಳನ್ನು ‘--ಇನ್ವರ್ಟ್-ಪಾಥ್ಸ್’ ಕೊಟ್ಟು ಎರಡನೇ ಸಲ ಓಡಿಸಿ ತೆಗೆದೆವು. ಸೇರಿಸುವುದು, ತೆಗೆಯುವುದು ಎರಡೂ ಒಂದೇ ಓಟದಲ್ಲಿ ಆಗುವುದಿಲ್ಲ.

ಸರಿಯಾಗಿ ಬಂದಿದೆಯೇ ಎಂದು ನೋಡಲು ಒಳ್ಳೆಯ ದಾರಿಯಿದೆ. ಹಳೆಯ ರೆಪೋದಲ್ಲಿ ‘ಗಿಟ್ ರೆವ್-ಪಾರ್ಸ್ ಹೆಡ್:ಲಿಪಿ/ಸೋರ್ಸ್’, ಹೊಸದರಲ್ಲಿ ‘ಹೆಡ್:ಸೋರ್ಸ್’ ಕೊಡಿ. ಎರಡೂ ಒಂದೇ ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಆದರೆ ಒಳಗಿನ ಕಡತಗಳು ಬೈಟ್ ಬೈಟಿಗೂ ಒಂದೇ. ಕಮಿಟ್‌ಗಳ ಹ್ಯಾಶ್ ಮಾತ್ರ ಬದಲಾಗಿರುತ್ತವೆ, ಕಮಿಟ್ ಮಾಡಿದವರನ್ನು ಖಚಿತಪಡಿಸುವ ಜಿಪಿಜಿ ಸಹಿಗಳೂ ಹೋಗಿರುತ್ತವೆ. ‘ಕಮಿಟ್-ಮ್ಯಾಪ್’ ಕಡತದಲ್ಲಿ ಹಳೆಯ, ಹೊಸ ಹ್ಯಾಶ್‌ಗಳ ಜೋಡಿ ಇರುತ್ತದೆ, ಅದನ್ನು ಜೋಪಾನ ಮಾಡಿ.

ಹ್ಯಾಶ್ ಸರಿಯಿದ್ದರೂ ವಿಂಡೋಸ್‌ನಲ್ಲಿ ಟೆಸ್ಟ್ ಬೀಳಬಹುದು. ಕಾರಣ, ಕಡತಗಳನ್ನು ಗಿಟ್ ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ‘.ಗಿಟ್‌ಆಟ್ರಿಬ್ಯೂಟ್ಸ್’. ನುಡಿ ಮಾದರಿಗಳ ಸಾಲಿನ ಕೊನೆಯನ್ನು ಮುಟ್ಟಬೇಡ ಎಂಬ ‘ಲಿಪಿ/ಮಾದರಿ/* -ಟೆಕ್ಸ್ಟ್’ ನಿಯಮ ಹಳೆಯ ರೂಟಿನಲ್ಲಿತ್ತು. ಹೊಸದರಲ್ಲಿ ಆ ಹಾದಿಯೇ ಇಲ್ಲವಾದ್ದರಿಂದ ‘ಮಾದರಿ/*’ ಎಂದು ಬರೆಯಬೇಕು.

ಇಶ್ಯೂಗಳನ್ನು ಗಿಟ್‌ಹಬ್‌ನ ಟ್ರಾನ್ಸ್‌ಫರ್ ಸೌಲಭ್ಯದಿಂದ ಒಯ್ಯಬಹುದು, ಸೇರಿಸಿಕೊಳ್ಳಿ ಎಂದು ಕಳಿಸಿದ ಬದಲಾವಣೆಗಳಾದ ಪುಲ್ ರಿಕ್ವೆಸ್ಟ್‌ಗಳನ್ನು ಆಗದು. ತೆರೆದಿದ್ದವನ್ನು ‘ಫಾರ್ಮ್ಯಾಟ್-ಪ್ಯಾಚ್’ ಮಾಡಿ, ಹೊಸದರಲ್ಲಿ ‘ಗಿಟ್ ಎಎಂ -ಪಿ2’ ಎಂದು ಹಾಕಿದೆವು. ‘-ಪಿ2’ ಹಾದಿಯ ಮುಂದಿನ ‘ಎ/ಲಿಪಿ/’ಯನ್ನು ಕಳಚುತ್ತದೆ.

ಹಳೆಯ ರೆಪೋದ ಇತಿಹಾಸವನ್ನು ಮಾತ್ರ ತಿರುಚಬಾರದು, ತಿರುಚಿದರೆ ಎಲ್ಲರ ಕ್ಲೋನ್ ಮುರಿಯುತ್ತದೆ. ಅಲ್ಲಿ ಒಂದು ಸಾಮಾನ್ಯ ಕಮಿಟ್‌ನಲ್ಲಿ ಫೋಲ್ಡರ್ ಅಳಿಸಿ, ಸಂದೇಶದಲ್ಲಿ ಹೊಸ ವಿಳಾಸ ಬರೆದರೆ ಸಾಕು. ಸಬ್‌ಮಾಡ್ಯೂಲ್ (ಒಂದು ರೆಪೋದೊಳಗೆ ಇನ್ನೊಂದನ್ನು ಕೊಂಡಿಯಾಗಿ ಇಡುವುದು) ಬೇಡವೆಂದೇ ನನ್ನ ಅಭಿಪ್ರಾಯ. ‘--ರಿಕರ್ಸ್-ಸಬ್‌ಮಾಡ್ಯೂಲ್ಸ್’ ಮರೆತವರಿಗೆ ಖಾಲಿ ಫೋಲ್ಡರ್ ಸಿಗುತ್ತದೆ, ಹೊಸಬರು ಅಲ್ಲೇ ಸೋಲುತ್ತಾರೆ. ಪರಿವರ್ತಕವನ್ನು ಪೈಥಾನ್ ಪ್ಯಾಕೇಜ್ ಆಗಿ ಅವಲಂಬನೆಗಳಲ್ಲಿ ಸೇರಿಸಿದೆವು. ಹಳೆಯ ಇಂಪೋರ್ಟ್ ಬಳಸುವವರಿಗಾಗಿ ಹೊಸ ಪ್ಯಾಕೇಜಿನಿಂದಲೇ ತಂದುಕೊಡುವ ಪುಟ್ಟ ಕಡತವೊಂದನ್ನು ಹಳೆಯ ಜಾಗದಲ್ಲಿ ಇಟ್ಟು, ಎಚ್ಚರಿಕೆ ಹಾಕಿದ್ದೇವೆ. ‘ಡೆಪ್ರಿಕೇಶನ್‌ವಾರ್ನಿಂಗ್’ ಲೈಬ್ರರಿಯೊಳಗಿಂದ ಬಂದರೆ ಪೈಥಾನ್ ಸಾಮಾನ್ಯವಾಗಿ ಅದನ್ನು ತೋರಿಸುವುದಿಲ್ಲ, ಆದ್ದರಿಂದ ‘ಫ್ಯೂಚರ್‌ವಾರ್ನಿಂಗ್’ ಬಳಸಿ. ಮುಂದಿನ ದೊಡ್ಡ ಆವೃತ್ತಿಯಲ್ಲಿ ಆ ಕಡತವನ್ನೂ ತೆಗೆಯುತ್ತೇವೆ.