ಮಳೆ ರಜೆಗೆ ಲೆಮ್ಮಿಂಗ್ಸ್: ಗುಂಪನ್ನು ತಡೆಯಿರಿ, ಒಬ್ಬನನ್ನು ಕೆಲಸಕ್ಕೆ ಕಳಿಸಿ

ಹಸಿರು ಕೂದಲು, ನೀಲಿ ಅಂಗಿಯ ಪುಟಾಣಿಗಳು ಮೇಲಿನ ಬಾಗಿಲಿನಿಂದ ಒಬ್ಬೊಬ್ಬರಾಗಿ ಉದುರುತ್ತಾರೆ. ಎದುರಿಗೆ ಪ್ರಪಾತವೇ ಇರಲಿ, ಕೆರೆಯೇ ಇರಲಿ, ನಡೆಯುತ್ತಲೇ ಇರುತ್ತಾರೆ. ಅವರನ್ನು ನಿಲ್ಲು, ತಿರುಗು ಎಂದು ನಡೆಸಲು ಬರುವುದಿಲ್ಲ. ಒಬ್ಬೊಬ್ಬರಿಗೆ ಕೆಲಸ ಹಚ್ಚಿ, ಹೊರಹೋಗುವ ಬಾಗಿಲು ಮುಟ್ಟಿಸಬಹುದು, ಅಷ್ಟೆ. ಸ್ಕಾಟ್ಲೆಂಡಿನ ಡಂಡೀ ಊರಿನ ಡಿಎಂಎ ಡಿಸೈನ್ ತಂಡ ಮಾಡಿದ ಈ ಲೆಮ್ಮಿಂಗ್ಸ್ ಆಟ 1991ರಲ್ಲಿ ಮೊದಲು ಅಮಿಗಾ ಕಂಪ್ಯೂಟರಿಗೆ ಬಂತು, ಆಮೇಲೆ ಡಾಸ್ ಇದ್ದ ಪಿಸಿಗೂ ಬಂತು. ಫನ್, ಟ್ರಿಕಿ, ಟ್ಯಾಕ್ಸಿಂಗ್, ಮೇಹೆಮ್ ಎಂಬ ನಾಲ್ಕು ಹಂತ, ಒಂದೊಂದರಲ್ಲಿ 30ರಂತೆ ಒಟ್ಟು 120 ಲೆವೆಲ್.

ಮಡಿಕೇರಿ, ನಾಪೋಕ್ಲು ಕಡೆ ಕಕ್ಕಡದ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಮೊದಲೇ ಇಳಿಸಿಕೊಂಡಿರಿ. ಡಾಸ್ ಅಂದರೆ ವಿಂಡೋಸ್‌ಗೆ ಮೊದಲು ಪಿಸಿಗಳಲ್ಲಿದ್ದ ವ್ಯವಸ್ಥೆ, ಅದರ ಹಳೆಯ ಆಟಗಳು ಡಾಸ್‌ಬಾಕ್ಸ್ ಒಳಗೆ ನಡೆಯುತ್ತವೆ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ಫ್ಲಾಪಿ ಸಿಕ್ಕರೆ ಮುಚ್ಚಳ ಸರಿಸಿ ನೋಡಿ. ಒಳಗಿನ ಕಪ್ಪು ತಟ್ಟೆಯ ಮೇಲೆ ಬೂಷ್ಟಿನ ಕಲೆ ಇದ್ದರೆ ಡ್ರೈವಿಗೆ ಹಾಕಬೇಡಿ. ಆ ಬೂಷ್ಟು ಡ್ರೈವಿನ ಹೆಡ್ಡಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಫ್ಲಾಪಿಗೂ ಅಂಟುತ್ತದೆ. ನಮ್ಮ ಥಂಡಿಯಲ್ಲಿ ಇದು ಮಾಮೂಲು.

ವಿಂಡೋಸ್‌ನಲ್ಲಿ ಆಟದ ಫೋಲ್ಡರನ್ನು ಎಳೆದು ಡಾಸ್‌ಬಾಕ್ಸ್ ಐಕಾನಿನ ಮೇಲೆ ಬಿಟ್ಟರೆ ಅದೇ ಸಿ ಡ್ರೈವ್ ಆಗಿ ತೆರೆಯುತ್ತದೆ. ಮೊದಲು ಬರುವ ಎರಡು ಆಯ್ಕೆಗಳಲ್ಲಿ ಹೈ ಪರ್ಫಾರ್ಮೆನ್ಸ್ ಪಿಸಿ ಎಂಬುದನ್ನು ಒತ್ತಿ. ಆಟ ಎಳೆದಾಡಿದರೆ ಕಂಟ್ರೋಲ್ ಜೊತೆ ಎಫ್12, ತೀರಾ ಓಡಿದರೆ ಕಂಟ್ರೋಲ್ ಜೊತೆ ಎಫ್11. ಮೌಸ್ ಒಳಗೇ ಸಿಕ್ಕಿಕೊಂಡರೆ ಕಂಟ್ರೋಲ್ ಜೊತೆ ಎಫ್10 ಬಿಡಿಸುತ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಆಡುವ ಸಾಹಸ ಬೇಡ, ಒಂದು ಮೌಸ್ ಚುಚ್ಚಿಕೊಳ್ಳಿ.

ಕೆಳಗಿನ ಪಟ್ಟಿಯಲ್ಲಿ ಮೊದಲ ಎರಡು ಗುಂಡಿ ಪುಟಾಣಿಗಳು ಉದುರುವ ವೇಗಕ್ಕೆ. ಆಮೇಲೆ ಎಂಟು ಕೆಲಸಗಳು: ಹತ್ತುವವ, ಛತ್ರಿ ಹಿಡಿದು ಇಳಿಯುವವ, ಸಿಡಿಯುವವ, ತಡೆಯುವವ, ಸಂಕ ಕಟ್ಟುವವ, ಅಡ್ಡ ಕೊರೆಯುವವ, ಓರೆಯಾಗಿ ಅಗೆಯುವವ, ನೇರ ಕೆಳಗೆ ತೋಡುವವ. ಕೊನೆಗೆ ಆಟವನ್ನು ತಡೆದು ನಿಲ್ಲಿಸುವ, ಪಾದದ ಗುರುತಿನ ಪಾಜ್ ಗುಂಡಿ, ಅಣಬೆ ಮೋಡದ ಗುಂಡಿ. ಆ ಮೋಡವನ್ನು ಎರಡು ಸಲ ಒತ್ತಿದರೆ ಎಲ್ಲರೂ ಸಿಡಿದು ಲೆವೆಲ್ ಮುಗಿಯುತ್ತದೆ. ಕೆಟ್ಟುಹೋದ ಆಟವನ್ನು ಬೇಗ ಮುಗಿಸಲು ಇದೇ ದಾರಿ.

ಶುರುವಾದ ಕೂಡಲೇ ಪಾಜ್ ಮಾಡಿ, ಕರ್ಸರನ್ನು ಅಂಚಿಗೆ ಒಯ್ದು ಇಡೀ ಲೆವೆಲ್ ನೋಡಿ: ಹೊರಹೋಗುವ ಬಾಗಿಲು ಎಲ್ಲಿ, ಉಕ್ಕಿನ ಹಾಸು ಎಲ್ಲಿ (ಅದನ್ನು ಯಾರೂ ಒಡೆಯಲಾರರು), ಯಾವ ಕೆಲಸ ಎಷ್ಟು ಕೊಟ್ಟಿದ್ದಾರೆ. ಎಷ್ಟು ಜನ ಉಳಿಯಬೇಕು ಎಂಬುದು ಆಡುವ ಮೊದಲೇ ತೋರುತ್ತದೆ, ಅದನ್ನು ಓದದೆ ಮುಂದೆ ಹೋಗಬೇಡಿ. ಮೊದಲ ಲೆವೆಲ್‌ನಲ್ಲಿ ಹತ್ತು ಜನರಲ್ಲಿ ಒಬ್ಬ ಉಳಿದರೂ ಸಾಕು. ಒಬ್ಬನಿಂದ ತೋಡಿಸಿದರೆ ಉಳಿದವರು ಅದೇ ಗುಂಡಿಯಲ್ಲಿ ಇಳಿಯುತ್ತಾರೆ.

ಮುಂದಿನ ಲೆವೆಲ್‌ಗಳಲ್ಲಿ ಹೊಸಬರು ಸೋಲುವುದು ಗುಂಪನ್ನು ಹಾಗೇ ಬಿಟ್ಟು ಕೆಲಸ ಹಚ್ಚುವುದರಿಂದ. ಮುಂದಿನವನು ಸಂಕ ಮುಗಿಸುವ ಮೊದಲೇ ಹಿಂದಿನವರು ಅದರ ತುದಿಯಿಂದ ಉದುರಿ ಹೋಗುತ್ತಾರೆ. ಮೊದಲಿನ ಒಬ್ಬನನ್ನು ಮುಂದೆ ಬಿಟ್ಟು, ಎರಡನೆಯವನನ್ನು ತಡೆಯುವವನಾಗಿ ನಿಲ್ಲಿಸಿ. ಬೇಕಾದರೆ ಹಿಂಬದಿಗೂ ಒಬ್ಬ. ನಡುವೆ ಜನ ಅತ್ತಿತ್ತ ಸುತ್ತುತ್ತಿರಲಿ.

ಸಂಕ ಕಟ್ಟುವವನ ಬಳಿ 12 ಇಟ್ಟಿಗೆ ಮಾತ್ರ. ಕೊನೆಯ ಮೂರಕ್ಕೆ ಟಿಕ್ ಟಿಕ್ ಸದ್ದು ಬರುತ್ತದೆ, ಆಮೇಲೆ ಭುಜ ಹಾರಿಸಿ ನಡೆದುಬಿಡುತ್ತಾನೆ. ಆ ಭುಜ ಹಾರಿಸುವ ಗಳಿಗೆಯಲ್ಲೇ ಮತ್ತೆ ಅದೇ ಕೆಲಸ ಹಚ್ಚಬೇಕು. ತಡವಾದರೆ ಪ್ರಪಾತ, ಮೊದಲೇ ಒತ್ತಿದರೆ ಲೆಕ್ಕಕ್ಕೆ ಬರುವುದಿಲ್ಲ. ಸಂಕ ಮೇಲ್ಮುಖವಾಗಿಯೇ ಏರುತ್ತದೆ, ಎರಡು ಚುಕ್ಕೆ ಮುಂದೆ ಹೋದರೆ ಒಂದು ಚುಕ್ಕೆ ಮೇಲೆ. ಆದ್ದರಿಂದ ಅಂಚಿನಿಂದಲೇ ಶುರು ಮಾಡಿ. ಬೇಗ ಶುರು ಮಾಡಿದರೆ ಅರ್ಧ ಇಟ್ಟಿಗೆ ನೆಲದ ಮೇಲೇ ವ್ಯರ್ಥ. ಗೋಡೆ ತಾಗಿದರೆ ಕಟ್ಟುವುದನ್ನು ನಿಲ್ಲಿಸಿ ಹಿಂದಕ್ಕೆ ತಿರುಗುತ್ತಾನೆ. ಬೇಕೆಂದೇ ತಿರುಗಿಸಲು ಜಾಣರು ಇದನ್ನೇ ಬಳಸುತ್ತಾರೆ. ತೋಡುವವನನ್ನು, ಕೊರೆಯುವವನನ್ನು ನಡುವೆ ನಿಲ್ಲಿಸಬೇಕಾದರೂ ಸಂಕ ಕಟ್ಟಲು ಹಚ್ಚುವುದೇ ಉಪಾಯ.

ಸಿಡಿಯುವವನಿಗೆ 5 ಸೆಕೆಂಡಿನ ಎಣಿಕೆ, ಆ ಹೊತ್ತೆಲ್ಲ ನಡೆಯುತ್ತಲೇ ಇರುತ್ತಾನೆ. ಗುರಿ ತಪ್ಪುವುದು ಅದಕ್ಕೇ. ಬೇಕಾದ ಜಾಗದಲ್ಲಿ ಮೊದಲು ತಡೆಯುವವನಾಗಿ ನಿಲ್ಲಿಸಿ, ನಂತರ ಸಿಡಿಸಿ. ಪಕ್ಕದವರಿಗೆ ಏನೂ ಆಗುವುದಿಲ್ಲ, ನೆಲದಲ್ಲಿ ಗುಂಡಿ ಬೀಳುತ್ತದೆ. ಎಲ್ಲರೂ ಉಳಿಯಲೇಬೇಕಾದ ಲೆವೆಲ್‌ನಲ್ಲಿ ತಡೆಯುವವನನ್ನು ಸಿಡಿಸುವಂತಿಲ್ಲ. ಅವನ ಕಾಲಡಿಯ ನೆಲವನ್ನು ಇನ್ನೊಬ್ಬನಿಂದ ಅಗೆಸಿದರೆ ಬಿಡುಗಡೆಯಾಗುತ್ತಾನೆ.

ಉದುರುವ ವೇಗವನ್ನು 99ರವರೆಗೆ ಏರಿಸಬಹುದು, ಇಳಿಸಿದರೆ ಆ ಲೆವೆಲ್ ಶುರುವಾದಾಗಿನ ಅಂಕಿಯವರೆಗೆ ಮಾತ್ರ. ದಾರಿ ಸಿದ್ಧವಾಗುವ ತನಕ ಮುಟ್ಟಬೇಡಿ.

ಆಟ ತಾನಾಗಿ ಉಳಿಯುವುದಿಲ್ಲ. ಪ್ರತಿ ಲೆವೆಲ್ ಗೆದ್ದಾಗ ಹತ್ತು ಅಕ್ಷರದ ಕೋಡ್ ಬರುತ್ತದೆ, ಅದನ್ನು ಪುಸ್ತಕದಲ್ಲಿ ಬರೆದಿಡಿ. ಬ್ಯಾಟರಿ ಮುಗಿದು ಪರದೆ ಆರಿದರೂ ಅಲ್ಲಿಂದಲೇ ಮುಂದುವರಿಸಬಹುದು. ಎಷ್ಟು ಜನರನ್ನು ಉಳಿಸಿದಿರಿ ಎಂಬುದೂ ಕೋಡಿನಲ್ಲಿ ಸೇರಿರುವುದರಿಂದ, ಒಂದೇ ಲೆವೆಲ್‌ಗೆ ಅಣ್ಣನ ಪುಸ್ತಕದಲ್ಲಿ ಒಂದು, ತಂಗಿಯ ಪುಸ್ತಕದಲ್ಲಿ ಇನ್ನೊಂದು ಇರಬಹುದು. ಎರಡೂ ನಡೆಯುತ್ತವೆ.