ಯಾವ ಜಾಣತನ? ಯೋಗ್ಯಕರ್ತದಲ್ಲಿ ‘ಕ್ಲೆವರ್’ ಕಲಿಸಿದ ನನ್ನ ಅನುಭವ

ಇಂಡೋನೇಷ್ಯದ ಯೋಗ್ಯಕರ್ತದಲ್ಲಿ ನಾನು ದುಡಿಯುವ ಜನರಿಗೆ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ಹೋಟೆಲ್ ರಿಸೆಪ್ಷನ್‌ನವರು, ಬಾಟಿಕ್ ಅಂಗಡಿಯವರು, ಕೋಟಗೆಡೆಯ ಬೆಳ್ಳಿ ಕೆಲಸದವರು ಬರುತ್ತಾರೆ. ‘ಕ್ಲೆವರ್’ ಅಂದರೆ ಏನು ಎಂದು ಕೇಳಿದರೆ ತರಗತಿಗೆ ತರಗತಿಯೇ ‘ಪಿಂತಾರ್, ಬು’ ಅನ್ನುತ್ತದೆ, ಅಂದರೆ ‘ಜಾಣ, ಮೇಡಂ’. ಉತ್ತರ ಸರಿ. ಆದರೆ ಅಲ್ಲಿಗೇ ಬಿಟ್ಟರೆ ಆ ಪದವನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಅನ್ನುವುದು ಅವರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ನಾನು ತಿರುಗಿ ಕೇಳುತ್ತೇನೆ: ಯಾವ ಜಾಣತನ? ಓದಿನದೋ, ಕೈಯದೋ, ಉಪಾಯದ್ದೋ?

ಈ ಪ್ರಶ್ನೆ ನನಗೆ ಹೊಳೆದದ್ದು ಕನ್ನಡದಿಂದ. ಜಾಣ, ಮೇಧಾವಿ, ನಿಪುಣ, ಚತುರ, ಕಿಲಾಡಿ ಇವನ್ನೆಲ್ಲ ನಾವು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದಿಲ್ಲ. ಇಂಡೋನೇಷ್ಯದವರೂ ಇಡುವುದಿಲ್ಲ.

‘ಪಿಂತಾರ್’ ದಿನಬಳಕೆಯ ಮಾತು. ಮಗು ತಟ್ಟೆಯ ಊಟ ಮುಗಿಸಿದರೆ ತಾಯಿ ‘ಅನಾಕ್ ಪಿಂತಾರ್’ ಅಂತಾಳೆ, ನಮ್ಮ ‘ಜಾಣಮರಿ’ ಇದ್ದ ಹಾಗೆ. ಸ್ಮಾರ್ಟ್‌ಫೋನಿಗೆ ‘ಪೊನ್ಸೆಲ್ ಪಿಂತಾರ್’. ಬಡ ಮಕ್ಕಳ ಓದಿಗೆ ಸರ್ಕಾರ ಕೊಡುವ ಕಾರ್ಡಿನ ಹೆಸರು ‘ಕಾರ್ತು ಇಂಡೋನೇಷ್ಯಾ ಪಿಂತಾರ್’. ಇದರಲ್ಲಿ ಎಚ್ಚರ ಬೇಕಾದದ್ದು ಒಂದು ಕಡೆ. ‘ಒರಾಂಗ್ ಪಿಂತಾರ್’ ಅಂದರೆ ಅಕ್ಷರಶಃ ಜಾಣ ಮನುಷ್ಯ, ಆದರೆ ಮಂತ್ರ-ತಂತ್ರ ಬಲ್ಲವನಿಗೂ ಜನ ಹಾಗೇ ಅನ್ನುತ್ತಾರೆ. ಕಳೆದುಹೋದ ವಸ್ತು ಹುಡುಕಲು, ವಾಸಿಯಾಗದ ಕಾಯಿಲೆಗೆ ದಾರಿ ಕೇಳಲು ಅಂಥವರ ಹತ್ತಿರ ಹೋಗುತ್ತಾರೆ. ‘ತೋಲಾಕ್ ಆಂಗಿನ್’ ಎಂಬ ಮನೆಮಾತಾದ ಗಿಡಮೂಲಿಕೆ ಔಷಧಿಯ ಜಾಹೀರಾತು ‘ಜಾಣರು ಕುಡಿಯುವುದು ತೋಲಾಕ್ ಆಂಗಿನ್’ ಅನ್ನುವಾಗ ಬಳಸುವುದೂ ಇದೇ ಎರಡು ಪದ. ಅಲ್ಲಿ ಮಂತ್ರವಾದಿ ಯಾರ ತಲೆಗೂ ಬರುವುದಿಲ್ಲ, ಸಂದರ್ಭವೇ ಅರ್ಥ ಹೇಳುತ್ತದೆ. ಅನುಮಾನಕ್ಕೆ ಎಡೆಯಿರುವ ಕಡೆ ನಡುವೆ ‘ಯಾಂಗ್’ ಸೇರಿಸಿ, ‘ಒರಾಂಗ್ ಯಾಂಗ್ ಪಿಂತಾರ್’ ಅನ್ನಿ. ಆಗ ಅದು ಬರೀ ಜಾಣನೇ.

‘ಚೆರ್ದಾಸ್’ ತುಸು ಗಂಭೀರ ಪದ, ಗ್ರಹಿಸುವ ಶಕ್ತಿಗೆ ಸಲ್ಲುವುದು. ಇಂಗ್ಲಿಷಿನ ‘ಇಂಟೆಲಿಜೆಂಟ್’ ಇದಕ್ಕೆ ಹತ್ತಿರ. 1945ರ ಸಂವಿಧಾನದ ಪೀಠಿಕೆ ಸರ್ಕಾರದ ಗುರಿಗಳನ್ನು ಹೇಳುವಾಗ ‘ಮೆನ್‌ಚೆರ್ದಾಸ್ಕಾನ್ ಕೆಹಿದುಪಾನ್ ಬಂಗ್ಸಾ’ ಅನ್ನುತ್ತದೆ, ಅಂದರೆ ನಾಡಿನ ಬದುಕನ್ನು ಪ್ರಜ್ಞಾವಂತವಾಗಿಸುವುದು. ಗುಣವಾಚಕಕ್ಕೆ ಹಿಂದೊಂದು ಮುಂದೊಂದು ಪ್ರತ್ಯಯ ಸೇರಿ ಕ್ರಿಯಾಪದ ಆಗಿದೆ ನೋಡಿ. ಶಾಲೆಯಿಂದಲೇ ಈ ಸಾಲು ಕೇಳಿ ಬೆಳೆದವರಿಗೆ ‘ಚೆರ್ದಾಸ್’ನ ತೂಕ ನಾನು ಬಿಡಿಸಿ ಹೇಳಬೇಕಿಲ್ಲ. ಕೃತಕ ಬುದ್ಧಿಮತ್ತೆಗೂ ಅವರು ‘ಕೆಚೆರ್ದಾಸಾನ್ ಬುವಾತಾನ್’ ಅನ್ನುತ್ತಾರೆ. ಚುರುಕು ಬುದ್ಧಿಯವನಿಗೆ ಆಡುಮಾತಿನಲ್ಲಿ ಇನ್ನೊಂದಿದೆ, ನನಗೆ ಬಹಳ ಇಷ್ಟ: ‘ಓತಾಕ್ ಎಂಚೆರ್’, ಮಿದುಳು ತೆಳುವಾಗಿ ನೀರಿನಂತಿದೆ ಅಂತ.

ಹೆಚ್ಚು ಕೆಲಸ ಬೇಡುವುದು ‘ಪಂಡೈ’. ಇದರಲ್ಲಿ ಪಳಗಿದ ಕೈಯಿದೆ. ಕಮ್ಮಾರ ‘ಪಂಡೈ ಬೆಸಿ’. ಬಾಲಿಯಲ್ಲಿ ಲೋಹದ ಕೆಲಸದ ಮನೆತನದವರು ‘ಪಾಂಡೆ’. ‘ಪಂಡೈ’ ಮುಂದೆ ಯಾವ ಕ್ರಿಯಾಪದವನ್ನಾದರೂ ಇಡಬಹುದು: ‘ಪಂಡೈ ಮೆಮಾಸಾಕ್’, ಅಡುಗೆಯಲ್ಲಿ ಪಳಗಿದವಳು, ‘ಪಂಡೈ ಮೆನಾರಿ’, ಕುಣಿತದಲ್ಲಿ ಪಳಗಿದವಳು. ತೊಡಕು ಬರುವುದೇ ಇಲ್ಲಿ. ಇದನ್ನೇ ಇಂಗ್ಲಿಷಿಗೆ ಒಯ್ದು ‘ಶಿ ಈಸ್ ಕ್ಲೆವರ್ ಟು ಕುಕ್’ ಅಂದುಬಿಡುತ್ತಾರೆ. ಅಡುಗೆ ಮಾಡಿದ್ದು ಜಾಣ ನಿರ್ಧಾರ ಎಂಬ ಅರ್ಥ ಕೊಟ್ಟೀತೇ ಹೊರತು ಕೈರುಚಿಯ ಮಾತು ಬರುವುದಿಲ್ಲ. ‘ಪಂಡೈ’ ಪಕ್ಕ ಕ್ರಿಯಾಪದ ಕಂಡರೆ ‘ಗುಡ್ ಅಟ್’ ಹಾಕಿ ಎಂದು ಕಲಿಸುತ್ತೇನೆ. ಬೆಳ್ಳಿ ಕೆಲಸದವರಿಗೆ ಮಾತ್ರ ‘ಕ್ಲೆವರ್ ವಿತ್ ಹಿಸ್ ಹ್ಯಾಂಡ್ಸ್’ ಎಂಬ ನುಡಿಗಟ್ಟನ್ನೂ ಕೊಡುತ್ತೇನೆ. ‘ಪಿಂತಾರ್’ ಒಂದನ್ನೇ ಹಿಡಿದುಕೊಂಡವರಿಗೆ ಜಾಣತನ ಕೈಗೂ ಸಲ್ಲುತ್ತದೆ ಅನ್ನುವುದು ಆಗ ಕಾಣುತ್ತದೆ.

ಉಪಾಯದ ಜಾಣತನಕ್ಕೆ ‘ಚೆರ್ದಿಕ್’. ಇದಕ್ಕೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಕಾಂಚಿಲ್ ಸಾಕು. ಕಾಂಚಿಲ್ ಅಂದರೆ ಮೊಲದಷ್ಟೇ ಇರುವ, ಪುಟ್ಟ ಜಿಂಕೆಯಂತೆ ಕಾಣುವ ಕೂರನ ಜಾತಿಯ ಪ್ರಾಣಿ. ರಾಜಾಜ್ಞೆಯಾಗಿದೆ, ನಿಮ್ಮನ್ನು ಎಣಿಸಬೇಕು ಎಂದು ಮೊಸಳೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಬೆನ್ನ ಮೇಲೆ ಹಾರಿ ಹಾರಿ ಹೊಳೆ ದಾಟುತ್ತದೆ. ಇನ್ನೊಂದು ಕಥೆಯಲ್ಲಿ ರೈತನ ಸೌತೆಕಾಯಿ ಕದಿಯುತ್ತದೆ. ಎರಡನ್ನೂ ಹೇಳಿ, ಮೊಸಳೆಗಳನ್ನು ಕೇಳಿದರೆ ಕಾಂಚಿಲ್ ಎಂಥದ್ದು ಅಂತಾವೆ ಎಂದು ಕೇಳುತ್ತೇನೆ. ‘ಲಿಚಿಕ್!’ ಅಂತ ಕೂಗುತ್ತಾರೆ. ಲಿಚಿಕ್ ಅಂದರೆ ಕಪಟಿ. ಇಂಗ್ಲಿಷಿನ ‘ಕ್ಲೆವರ್’ ಈ ಎರಡರ ಗಡಿಯಲ್ಲಿ ಓಡಾಡುತ್ತದೆ. ಬ್ರಿಟನ್ನಿನ ಅಮ್ಮ ಮಗುವಿಗೆ ಅಕ್ಕರೆಯಿಂದ ಹೇಳುವ ಈ ಪದದಲ್ಲಿ ಅಮೆರಿಕದವರಿಗೆ ಒಮ್ಮೊಮ್ಮೆ ಚಾಲಾಕಿತನ ಕೇಳಿಸುತ್ತದೆ. ‘ಡೋಂಟ್ ಗೆಟ್ ಕ್ಲೆವರ್ ವಿತ್ ಮಿ’ ಅಂದರಂತೂ ಬೈಗುಳವೇ. ಇದಕ್ಕೆ ಜಾವಾ ಭಾಷೆಯ ‘ಕೆಮಿಂತೆರ್’ ಹೇಳಿಮಾಡಿಸಿದಂತಿದೆ, ಜಾಣನಂತೆ ಮೆರೆಯುವವನು. ಹೊರಗಿನವಳಾದ ನನ್ನ ಬಾಯಲ್ಲಿ ಅದನ್ನು ಕೇಳಿದರೆ ತರಗತಿಯವರಿಗೆ ಎಲ್ಲಿಲ್ಲದ ಖುಷಿ.

ವ್ಯಾಕರಣದಲ್ಲಿ ನಮಗೂ ಅವರಿಗೂ ಒಂದು ಸಾಮ್ಯ. ‘ದಿಯಾ ಪಿಂತಾರ್’, ‘ಅವನು ಜಾಣ’: ನಡುವೆ ‘ಈಸ್’ ಇಲ್ಲ. ಅವರು ಇಂಗ್ಲಿಷಿನಲ್ಲಿ ಅದನ್ನು ಬಿಟ್ಟಾಗ ಯಾಕೆ ಬಿಟ್ಟರು ಎಂದು ನನಗೆ ತಕ್ಷಣ ತಿಳಿಯುತ್ತದೆ. ಗುಣವಾಚಕ ನಾಮಪದದ ನಂತರ ಬರುವುದು ಮಾತ್ರ ನಮಗೆ ಹೊಸದು. ಅವರೂ ಮೊದಮೊದಲು ‘ಬಾಯ್ ಕ್ಲೆವರ್’ ಎಂದು ಬರೆಯುತ್ತಾರೆ.

ಕೆಲಸಕ್ಕೆಂದು ಆ ಕಡೆ ಹೋಗುವ ಕನ್ನಡಿಗರು ಕೇಳಿದರೆ ನಾನು ಹೇಳುವುದು ಇಷ್ಟು. ಕಿರಿಯ ಸಹೋದ್ಯೋಗಿಯನ್ನು ‘ಪಿಂತಾರ್’ ಎಂದು ಧಾರಾಳವಾಗಿ ಹೊಗಳಿ. ಹಿರಿಯರಿಗೆ ಹಾಗೆ ಹೇಳಿದರೆ ಮಗುವಿನ ಬೆನ್ನು ತಟ್ಟಿದಂತಾಗುತ್ತದೆ. ಅವರಿಗೆ ‘ಬಿಜಕ್ಸಾನಾ’ ಅನ್ನಿ, ವಿವೇಕಿ ಎಂದರ್ಥ. ಅದು ಸಂಸ್ಕೃತದ ‘ವಿಚಕ್ಷಣ’ವೇ, ಆದ್ದರಿಂದ ನೆನಪಿಡಲು ಕಷ್ಟವಾಗದು.