ದೊಡ್ಡ ಪ್ರಶ್ನೆಗೆ ಗುರುವಾರದ ಅರ್ಧ ಗಂಟೆ

ನಾನು ಹಾಸನದ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್. 14 ವರ್ಷವಾಯಿತು. ನರ್ಸ್ ಅಲ್ಲ, ಆದರೂ ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಕಿಡ್ನಿ ಕೈಕೊಟ್ಟು ಮಷಿನ್‌ನಲ್ಲಿ ರಕ್ತ ತೊಳೆಸಿಕೊಳ್ಳಲು ನಮ್ಮಲ್ಲಿಗೆ ಬರುವವರು ವಾರಕ್ಕೆ ಎರಡು ಸಲ, ಕೆಲವರು ಮೂರು ಸಲ ಬರುತ್ತಾರೆ. ಬಂದರೆ 4 ಗಂಟೆ ಮಲಗಿರಬೇಕು. ಸೂಜಿ ಹಾಕಿದ ಕೈ ಅಲ್ಲಾಡಿಸುವ ಹಾಗಿಲ್ಲ. ಗೋಡೆಯಲ್ಲಿ ಟಿವಿ ಇದೆ, ಇನ್ನೊಂದು ಕೈಯಲ್ಲಿ ಮೊಬೈಲ್ ಇದೆ. ಆದರೂ ಎರಡನೇ ಗಂಟೆ ದಾಟುವ ಹೊತ್ತಿಗೆ ಎಲ್ಲರೂ ಫ್ಯಾನ್ ನೋಡುತ್ತಾ ಮಲಗಿರುತ್ತಾರೆ. ಆಗ ಶುರುವಾಗುತ್ತದೆ. 'ನನಗೇ ಯಾಕೆ ಬಂತು ಸಿಸ್ಟರ್?' 'ಇಷ್ಟು ವರ್ಷ ದುಡಿದಿದ್ದು ಯಾರಿಗೆ?' 'ಇನ್ನೆಷ್ಟು ದಿನ ಅಂತೀರಾ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ದಿನಾ ಕೇಳಿಸಿಕೊಂಡು ಬಂದರೆ ಪ್ರಶ್ನೆ ನಮ್ಮ ಮನೆಗೂ ಬರುತ್ತದೆ. ಬಂದ ಮೇಲೆ ಅದಕ್ಕೊಂದು ಜಾಗ, ಹೊತ್ತು ಅಂತ ಮಾಡಿಕೊಡಬೇಕಾಯಿತು. ಆರೇಳು ವರ್ಷದಿಂದ ನಾನು ಮಾಡುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹಿಡಿಸಿದ್ದನ್ನು ತಗೊಳ್ಳಿ.

ಮೊದಲು ಪ್ರಶ್ನೆಯನ್ನು ನೆಲಕ್ಕಿಳಿಸಿ

'ಬದುಕಿನ ಅರ್ಥವೇನು' ಅಂತ ಬರೆದುಕೊಂಡು ಕೂತು ನೋಡಿ. ಐದು ನಿಮಿಷದಲ್ಲಿ ನಿದ್ದೆ ಬರುತ್ತದೆ, ಇಲ್ಲವಾದರೆ ಹಸಿವಾಗುತ್ತದೆ. ಕಿವಿ ಇಲ್ಲದ ಬಾಣಲೆ ಅದು, ಹಿಡಿಯುವುದೆಲ್ಲಿ?

ಇದನ್ನು ನನಗೆ ಕಲಿಸಿದ್ದು ಸಕಲೇಶಪುರದ ಕಡೆಯ ಒಬ್ಬ ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಕಿಡ್ನಿ ಕೈಕೊಟ್ಟವರು ಕುಡಿಯುವ ನೀರಿಗೂ ಲೆಕ್ಕ ಇಡಬೇಕು. ಅವರಿಗೆ ದಿನಕ್ಕೆ ಒಂದು ಲೀಟರ್ ಅಂತ ಹೇಳಿದ್ದರು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ಗುಟುಕು ಎಲ್ಲಾ ಅದರೊಳಗೇ. ಎಷ್ಟೋ ಜನ ಬೆಳಿಗ್ಗೆ ಹನ್ನೊಂದಕ್ಕೇ ಮುಗಿಸಿಕೊಂಡು ಸಂಜೆ ಒದ್ದಾಡುತ್ತಾರೆ. ಈ ರೈಟರ್ ಬೆಳಿಗ್ಗೆ ಎದ್ದು ಒಂದು ಲೀಟರ್ ಬಾಟಲಿ ತುಂಬಿಸಿ ಮೇಜಿನ ಮೇಲೆ ಇಡುತ್ತಿದ್ದರಂತೆ. ಕಾಫಿ ಕುಡಿದರೆ ಅಷ್ಟೇ ನೀರನ್ನು ಬಾಟಲಿಯಿಂದ ಗಿಡಕ್ಕೆ ಸುರಿಯುವುದು. ರಾತ್ರಿ ಊಟ ಆದಮೇಲೆ ಅರ್ಧ ಲೋಟ ಉಳಿದಿರಲೇಬೇಕು. ಅದನ್ನು ಜಗಲಿಯಲ್ಲಿ ಕೂತು ಕುಡಿಯುವುದು. 'ಸಿಸ್ಟರ್, ಯಾವುದು ಬೇಕು ಯಾವುದು ಬೇಡ ಅಂತ ಅರುವತ್ತು ವರ್ಷ ಯೋಚನೆ ಮಾಡಿರಲಿಲ್ಲ. ಈಗ ದಿನಾ ಮಾಡ್ತೀನಿ' ಅಂದಿದ್ದರು. ಅಂಥ ದೊಡ್ಡ ಪ್ರಶ್ನೆ ಅವರಿಗೆ ಒಂದು ಬಾಟಲಿಯಲ್ಲಿ ಹಿಡಿಸಿತ್ತು.

ಹನ್ನೆರಡನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಿದೆಯಾ? ಗಂಡ ಮಾರಯ್ಯ ಬೀದಿಯಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಆಕೆ ಮನೆಯೊಳಗೆ ಸೇರಿಸಲಿಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು. 'ಮನುಷ್ಯನಿಗೆ ಎಷ್ಟು ಸಾಕು' ಅನ್ನುವ ಮಾತು ಅವರ ಮನೆಯಲ್ಲಿ ಅಕ್ಕಿಯ ಮೇಲೆ ತೀರ್ಮಾನವಾಯಿತು.

ಹಾಗಾಗಿ ನಾನು ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಪ್ರಶ್ನೆಯೊಳಗೆ ಒಬ್ಬ ಮನುಷ್ಯ ಇರಬೇಕು, ಅಥವಾ ಒಂದು ವಸ್ತು, ಅಥವಾ ಒಂದು ದಿನ. 'ಸಾವು ಅಂದರೇನು' ಅಂತ ಕೇಳುವುದಿಲ್ಲ. 'ಅಪ್ಪನ ಕನ್ನಡಕವನ್ನು ನಾನ್ಯಾಕೆ ಇನ್ನೂ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ' ಅಂತ ಕೇಳುತ್ತೇನೆ. ದೇವರಿದ್ದಾನಾ ಅನ್ನುವುದನ್ನು ಬಿಟ್ಟು 'ಸೂಜಿ ಚುಚ್ಚುವ ಮುಂಚೆ ನಾನು ಯಾರನ್ನು ನೆನೆಯುತ್ತೇನೆ' ಅಂತ. ಸುಖದ ಬಗ್ಗೆಯಾದರೆ 'ಹೋದ ವಾರ ಯಾವಾಗ ಗಡಿಯಾರ ನೋಡುವುದನ್ನೇ ಮರೆತಿದ್ದೆ' ಅಂತ. ಭಾಷೆಯೂ ಮನೆಯದ್ದೇ ಇರಲಿ. ಅಸ್ತಿತ್ವ, ಪರಮಾರ್ಥ ಅಂತೆಲ್ಲ ಬರೆದರೆ ನಾನು ಯಾರಿಗೋ ಭಾಷಣ ಮಾಡಲು ಶುರುಮಾಡುತ್ತೇನೆ. ಅಜ್ಜಿಗೆ ಅರ್ಥವಾಗದ ಪ್ರಶ್ನೆಯನ್ನು ಹೊಡೆದು ಹಾಕಿ ಮತ್ತೆ ಬರೆಯುವುದು.

ಮನೆಯ ಜಗಳ ಮೊದಲು ಮುಗಿಸಿ

ಇದು ಯಾರೂ ಹೇಳಿಕೊಡದ ಮೆಟ್ಟಿಲು. ನಾನು ಜಾರಿದ್ದೂ ಇಲ್ಲೇ.

ಶುರುವಿನಲ್ಲಿ ನಾನು ಎಷ್ಟೇ ಗಂಭೀರವಾಗಿ ಕೂತರೂ ಹತ್ತನೇ ನಿಮಿಷಕ್ಕೆ ಮನಸ್ಸು ನೇರ ಅಣ್ಣನ ಮನೆಗೆ ಹೋಗುತ್ತಿತ್ತು. ಅಪ್ಪ ಹೋದಮೇಲೆ 12 ಗುಂಟೆ ಜಾಗಕ್ಕೆ ನಮ್ಮಲ್ಲಿ ಮಾತು ಬಂದಿತ್ತು. ಪಹಣಿಯಲ್ಲಿ ಹೆಸರು ಯಾರದ್ದು ಅಂತ. ಮೂರು ವರ್ಷ ಮಾತಿಲ್ಲ. ನಾನು ಅವನ ನಂಬರನ್ನೂ ಮೊಬೈಲಿನಿಂದ ತೆಗೆದು ಹಾಕಿದ್ದೆ. ಸಾವು, ದೇವರು, ಕರ್ಮ ಅಂತ ಹೊರಟರೂ ಕೊನೆಗೆ ಅವನಿಗೆ ಏನು ಉತ್ತರ ಕೊಡಬೇಕಿತ್ತು ಅಂತ ತಲೆಯಲ್ಲೇ ವಾದ ಮಾಡುತ್ತಾ ಕೂತಿರುತ್ತಿದ್ದೆ. ಅದನ್ನೇ ಚಿಂತನೆ ಅಂದುಕೊಂಡಿದ್ದೆ!

ನಚಿಕೇತನ ಕತೆ ಎಲ್ಲರಿಗೂ ಗೊತ್ತು, ಕಠೋಪನಿಷತ್ತಿನ ಹುಡುಗ. ಅಪ್ಪ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ. ಹುಡುಗ 'ನನ್ನನ್ನು ಯಾರಿಗೆ ಕೊಡ್ತೀಯ' ಅಂತ ಮತ್ತೆ ಮತ್ತೆ ಕೇಳಿದ. ಅಪ್ಪನಿಗೆ ರೇಗಿ 'ಯಮನಿಗೆ ಕೊಡ್ತೀನಿ ಹೋಗು' ಅಂದುಬಿಟ್ಟ. ನಮ್ಮ ಮನೆಗಳಲ್ಲಿ ದಿನಾ ನಡೆಯುವುದೇ ಅಲ್ವಾ? ಹುಡುಗ ನಿಜಕ್ಕೂ ಹೋದ. ಯಮ ಮನೆಯಲ್ಲಿರಲಿಲ್ಲ. ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾದಿದ್ದಕ್ಕೆ ಮೂರು ವರ ಸಿಕ್ಕವು.

ಎಲ್ಲರೂ ಹೇಳುವುದು ಮೂರನೆಯದನ್ನು, ಸತ್ತ ಮೇಲೆ ಏನು ಅನ್ನುವ ಪ್ರಶ್ನೆಯನ್ನು. ಮೊದಲನೆಯದು ಏನು ಗೊತ್ತಾ? ಅಪ್ಪನ ಸಿಟ್ಟು ಇಳಿಯಲಿ, ನಾನು ವಾಪಸ್ ಹೋದಾಗ ಗುರುತು ಹಿಡಿದು ಮಾತಾಡಿಸಲಿ ಅಂತ. ಯಮನೇ ಎದುರಿಗಿದ್ದರೂ ಹುಡುಗ ಮೊದಲು ಮನೆ ವಿಷಯ ಸರಿ ಮಾಡಿಕೊಂಡ. ಇದು ನನಗೆ ಹೊಳೆದಿದ್ದು ಒಂದು ಗುರುವಾರ, ಬರೆಯಲು ಹಳೇ ಕ್ಯಾಲೆಂಡರ್ ಹಾಳೆ ಮುಂದಿಟ್ಟುಕೊಂಡು ಕೂತಿದ್ದಾಗ. ಅಮ್ಮನಿಗೆ ಫೋನ್ ಮಾಡಿ ಅಣ್ಣನ ನಂಬರ್ ಕೇಳಿ ಆ ಹಾಳೆಯ ಮೂಲೆಯಲ್ಲೇ ಬರೆದುಕೊಂಡೆ. ಮಾಡಿದೆ. ಏನೂ ಸಿನಿಮಾ ಥರ ಆಗಲಿಲ್ಲ. 'ಹೂಂ ಹೇಳು' ಅಂದ. ಅತ್ತಿಗೆಯ ಮಂಡಿ ನೋವಿನ ಬಗ್ಗೆ ಎರಡು ನಿಮಿಷ ಮಾತಾಡಿದೆವು. ಜಾಗದ ವಿಷಯ ಇನ್ನೂ ಹಾಗೇ ಇದೆ. ಆದರೆ ಮುಂದಿನ ಗುರುವಾರ ತಲೆಯೊಳಗೆ ವಾದ ಇರಲಿಲ್ಲ.

ನಿಮ್ಮ ಮನಸ್ಸೂ ಪದೇ ಪದೇ ಒಂದೇ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರೆ ಪ್ರಶ್ನೆಯನ್ನು ಮಡಚಿಟ್ಟು ಆ ಕೆಲಸ ನೋಡಿ.

ಹೊತ್ತು, ಜಾಗ, ಹಾಳೆ

ಇದು ಸುಲಭ. ವಾರಕ್ಕೊಂದು ದಿನ, ಅರ್ಧ ಗಂಟೆ. ನನಗೆ ಗುರುವಾರ ಸಂಜೆ, ಯಾಕೆಂದರೆ ಅವತ್ತು ಬೆಳಗಿನ ಪಾಳಿ. ಬಸ್ಸಿನಲ್ಲಿ ಪ್ರಯತ್ನ ಮಾಡಿದ್ದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಆಲೂರಿನ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ, ಚಿಂತನೆ ಎಲ್ಲಿಂದ? ಈಗ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೇ ನನ್ನ ಜಾಗ. ದಿನಾ ಮಾಡುತ್ತೇನೆ ಅಂತ ಶಪಥ ಮಾಡಬೇಡಿ, ಹದಿನೈದು ದಿನಕ್ಕೆ ನಿಲ್ಲುತ್ತದೆ. ನನ್ನದು ಹನ್ನೊಂದನೇ ದಿನಕ್ಕೆ ನಿಂತಿತ್ತು.

ಒಂದೇ ಪ್ರಶ್ನೆಯನ್ನು ಕಡೇ ಪಕ್ಷ ನಾಲ್ಕು ವಾರ ಇಟ್ಟುಕೊಳ್ಳಿ. ಇದು ನಮ್ಮ ಮಷಿನ್ ನೋಡಿ ಕಲಿತದ್ದು. ಮೈಯಲ್ಲಿ ಇರುವ ರಕ್ತ ಸುಮಾರು 5 ಲೀಟರ್. ಮಷಿನ್ ನಿಮಿಷಕ್ಕೆ 250 ರಿಂದ 300 ಮಿಲಿಲೀಟರ್ ಎಳೆದು ತೊಳೆದು ವಾಪಸ್ ಕೊಡುತ್ತದೆ. ಲೆಕ್ಕ ಹಾಕಿ, ನಾಲ್ಕು ಗಂಟೆಯಲ್ಲಿ ಅದೇ ರಕ್ತ ಕಡೇ ಪಕ್ಷ ಹನ್ನೆರಡು ಸಲ ಸುತ್ತು ಹಾಕುತ್ತದೆ. ಒಂದು ಸಲ ಸುತ್ತಿದರೆ ಏನೂ ಆಗುವುದಿಲ್ಲ.

ಕೂತ ತಕ್ಷಣ ಮನಸ್ಸು ನಿಲ್ಲದಿದ್ದರೆ ಎರಡು ಬೆರಳು ಮಣಿಕಟ್ಟಿನ ಮೇಲಿಟ್ಟು ನಾಡಿ ನೋಡಿ, ಒಂದೆರಡು ನಿಮಿಷ. ನಮ್ಮ ಪೇಶೆಂಟ್‌ಗಳ ತೋಳಿನಲ್ಲಿ ಫಿಸ್ಟುಲಾ ಅಂತ ಇರುತ್ತದೆ, ಡಯಾಲಿಸಿಸ್ ಸೂಜಿ ಹಾಕಲು ಅಂತ ರಕ್ತನಾಳ ಎರಡನ್ನು ಸೇರಿಸಿ ಹೊಲಿದದ್ದು. ಮುಟ್ಟಿದರೆ ಒಳಗೆ ದುಂಬಿ ಕೂಡಿಹಾಕಿದ ಹಾಗೆ ಜುಂಯ್ ಅನ್ನುತ್ತದೆ. ಆ ಸದ್ದು ನಿಂತರೆ ತಕ್ಷಣ ಆಸ್ಪತ್ರೆಗೆ ಓಡಿ ಬರಬೇಕು. ಹಾಗಾಗಿ ಅವರು ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ತೋಳು ಮುಟ್ಟಿ 'ಇದೆಯಾ' ಅಂತ ನೋಡಿಕೊಳ್ಳುವುದು. ನಮಗೆ ಆ ಅಗತ್ಯ ಇಲ್ಲ ಅಂತ ನಾವು ನೋಡುವುದೇ ಇಲ್ಲ.

ಮೊಬೈಲ್ ಒಳಗೆ ಬಿಟ್ಟು ಬನ್ನಿ. ನಚಿಕೇತ ಮೂರನೇ ಪ್ರಶ್ನೆ ಕೇಳಿದಾಗ ಯಮ ಏನಂದ? ಇದೊಂದು ಬಿಟ್ಟು ಬೇರೆ ಏನಾದರೂ ಕೇಳು ಅಂದ. ಚಿನ್ನ, ಆನೆ, ಕುದುರೆ, ನೂರು ವರ್ಷ ಬದುಕುವ ಮಕ್ಕಳು ಮೊಮ್ಮಕ್ಕಳು, ಹಾಡು ಕುಣಿತ ಎಲ್ಲಾ ತೋರಿಸಿದ. ರೀಲ್ಸ್ ಥರಾನೇ, ಒಂದಾದ ಮೇಲೆ ಒಂದು. ಎಐ ಆಪ್‌ನಲ್ಲೂ ಒಮ್ಮೆ ಕೇಳಿ ನೋಡಿದೆ, 'ಸತ್ತ ಮೇಲೆ ಏನಾಗುತ್ತದೆ' ಅಂತ. ಮೂರು ಸೆಕೆಂಡಿಗೆ ಹತ್ತು ಅಂಶ ಕೊಟ್ಟಿತು. ತಪ್ಪೇನಿರಲಿಲ್ಲ. ಆದರೆ ಅಪ್ಪನ ಕನ್ನಡಕದ ವಿಷಯ ಅದರಲ್ಲಿ ಇರಲಿಲ್ಲ.

ಬರೆಯಲು ನೋಟ್‌ಬುಕ್ ಬೇಡ. ಚೆಂದದ ನೋಟ್‌ಬುಕ್ ಕಂಡರೆ ಕೈ ಚೆಂದದ ಸುಳ್ಳು ಬರೆಯುತ್ತದೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ನಾಲ್ಕೈದು ಸಾಲು. ಉತ್ತರ ಬರೆಯಲೇಬೇಕು ಅಂತಿಲ್ಲ, ನೆನಪಾದದ್ದನ್ನು ಬರೆಯಿರಿ.

ಜೊತೆಗೊಬ್ಬರು

ತಿಂಗಳಿಗೊಮ್ಮೆಯಾದರೂ ಇದನ್ನು ಇನ್ನೊಬ್ಬರ ಹತ್ತಿರ ಬಾಯಿಬಿಟ್ಟು ಆಡಬೇಕು. ತಲೆಯೊಳಗೆ ಬಹಳ ಆಳ ಅನ್ನಿಸಿದ್ದು ಬಾಯಿಗೆ ಬಂದಾಗ ಎಷ್ಟು ಪೊಳ್ಳು ಅಂತ ಗೊತ್ತಾಗುತ್ತದೆ. ನನಗೆ ನಮ್ಮ ವಾರ್ಡಿನ ಆಯಾ ಅಕ್ಕ ಇದ್ದಾರೆ. ಶಾಲೆಗೆ ಹೋದವರಲ್ಲ. ನಮ್ಮದು ಒಂದೇ ಷರತ್ತು, ಬುದ್ಧಿ ಹೇಳಬಾರದು. ಕೇಳಿ, ಬೇಕಿದ್ದರೆ ಇನ್ನೊಂದು ಪ್ರಶ್ನೆ ಕೇಳಬಹುದು. ಕನ್ನಡಕದ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ. 'ಹಾಕ್ಕೊಂಡು ನೋಡಿದ್ದೀಯೇನಮ್ಮ?' ನೋಡಿರಲಿಲ್ಲ. ಹಾಕಿಕೊಂಡರೆ ಎಲ್ಲಾ ಮಸುಕು. ಆ ಮಸುಕಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.

ಆದರೆ ಹೊತ್ತು ಗೊತ್ತು ನೋಡಿ ಬಾಯಿ ಬಿಡಿ. ಹೊಸ ಹುರುಪಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರನ್ನು ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಕೇಳಿದ್ದೆ. 'ಸರ್, ನಿಮಗೆ ಸಾವಿನ ಬಗ್ಗೆ ಏನನ್ನಿಸುತ್ತೆ?' ಅವರು ಕಣ್ಣು ಮುಚ್ಚಿಕೊಂಡೇ 'ಅದು ಆಮೇಲೆ ಮಾತಾಡೋಣಮ್ಮ, ಮೊದಲು ಬಿಪಿ ನೋಡು' ಅಂದರು. ನೋಡಿದರೆ ನಿಜಕ್ಕೂ ಬಿಪಿ ಇಳಿದಿತ್ತು. ತಲೆ ತಗ್ಗಿಸಿ, ಕಾಲು ಎತ್ತರಿಸಿ, ಸಲೈನ್ ಬಿಟ್ಟು ಸರಿ ಮಾಡಿದೆವು. ಮೇಷ್ಟ್ರು ಆಮೇಲೆ ಮೂರು ತಿಂಗಳು ನನ್ನನ್ನು ಕಂಡಾಗಲೆಲ್ಲ 'ಏನು ವೇದಾಂತಿ, ಬಿಪಿ ಎಷ್ಟು?' ಅಂತ ರೇಗಿಸಿದರು.

ವರ್ಷಕ್ಕೊಮ್ಮೆ ಚಿಕ್ಕಬೆಟ್ಟ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಇಳಿಯುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟಕ್ಕೆ ಜನ ಕಡಿಮೆ. ಸಲ್ಲೇಖನ ಮಾಡಿ, ಅಂದರೆ ಅನ್ನ ನೀರು ಬಿಟ್ಟು, ದೇಹ ಬಿಟ್ಟವರ ಶಾಸನಗಳು ಅಲ್ಲಿನ ಬಂಡೆಯ ಮೇಲೇ ಇವೆ. ಅದರಲ್ಲಿ ನಂದಿಸೇನ ಎಂಬ ಮುನಿಯದ್ದು ಒಂದು, ಸುಮಾರು 1,300 ವರ್ಷ ಹಳೆಯದು, ಕನ್ನಡದ್ದೇ. ರೂಪ, ದುಡ್ಡು, ವೈಭವ ಎಲ್ಲಾ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ, ಯಾರ ಹತ್ತಿರವೂ ನಿಲ್ಲುವುದಿಲ್ಲ ಅಂತ ಅದರಲ್ಲಿದೆ. ನನಗೆ ಹಳಗನ್ನಡ ಓದಲು ಬರುವುದಿಲ್ಲ, ಅರ್ಥ ಕೇಳಿ ತಿಳಿದುಕೊಂಡದ್ದು. ಅಲ್ಲಿ ಮಾಡಬೇಕಾದ್ದು ಏನೂ ಇಲ್ಲ. ಬಂಡೆ ಕಾಯುವ ಮುಂಚೆ, ಬೆಳಿಗ್ಗೆ ಬೇಗ ಹೋಗಿ ಸುಮ್ನೆ ಕೂತು ಬನ್ನಿ. ನಿಮ್ಮ ಊರಿನ ಹತ್ತಿರವೂ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಇದ್ದೇ ಇರುತ್ತದೆ.

ಯಾವಾಗ ನಿಲ್ಲಿಸಬೇಕು

ಇದನ್ನು ಹಗುರವಾಗಿ ತಗೊಳ್ಳಬೇಡಿ. 'ಬದುಕುವುದು ಹೇಗೆ' ಅಂತ ಶುರುವಾದದ್ದು 'ಯಾಕಾದರೂ ಬದುಕಬೇಕು' ಅಂತ ತಿರುಗಿದರೆ, ಎರಡು ವಾರದಿಂದ ನಿದ್ದೆ ಊಟ ಸರಿ ಇಲ್ಲದಿದ್ದರೆ, ಹಾಳೆ ಪೆನ್ನು ಬದಿಗಿಡಿ. ಅದಕ್ಕೆ ಬೇಕಾದ್ದು ಡಾಕ್ಟರು. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸುತ್ತಿದ್ದರೆ ಎರಡು ವಾರ ಕಾಯುವುದೂ ಬೇಡ, ಆಗಲೇ ಫೋನ್ ಮಾಡಿ, ಮನೆಯವರಿಗೂ ಹೇಳಿ. ನಮ್ಮ ವಾರ್ಡಿನಲ್ಲಿ ಈ ನಂಬರನ್ನು ದಪ್ಪ ಪೆನ್ನಿನಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇನೆ. ರಾತ್ರಿ ಪಾಳಿಯ ಸೆಕ್ಯುರಿಟಿ ಅದನ್ನು ಫೋಟೋ ತೆಗೆದುಕೊಂಡಿದ್ದನ್ನು ನೋಡಿದ್ದೇನೆ.

ಕೊನೆಗೆ ಆ ಹಾಳೆಗಳ ವಿಷಯ. ವರ್ಷಕ್ಕೆ ನಲವತ್ತು, ನಲವತ್ತೈದು ಆಗುತ್ತವೆ. ಯುಗಾದಿಯ ಹಿಂದಿನ ರಾತ್ರಿ ಒಂದು ಸಲ ಎಲ್ಲಾ ಓದುತ್ತೇನೆ. ಮುಕ್ಕಾಲು ಪಾಲು ಗೊಣಗಾಟವೇ. ಬೆಳಿಗ್ಗೆ ಎಣ್ಣೆ ನೀರಿಗೆ ಹಂಡೆ ಒಲೆ ಹಚ್ಚುವಾಗ ಅವೇ ಮೊದಲ ಉರಿ. ಹಾಳೆ ದಪ್ಪ ಇದ್ದರೂ ಚೆನ್ನಾಗಿ ಹತ್ತಿಕೊಳ್ಳುತ್ತವೆ. ಒಂದು ಹಾಳೆಯನ್ನು ಮಾತ್ರ ಎರಡು ಯುಗಾದಿಯಿಂದ ಒಲೆಗೆ ಹಾಕಿಲ್ಲ. ಅದರ ಮೂಲೆಯಲ್ಲಿ ಅಣ್ಣನ ನಂಬರ್ ಇದೆ. ಮೊಬೈಲಿಗೆ ಇನ್ನೂ ಸೇವ್ ಮಾಡಿಕೊಂಡಿಲ್ಲ. ಅವನಿಗೆ ಫೋನ್ ಮಾಡಬೇಕಾದಾಗೆಲ್ಲ ಬೀರು ತೆಗೆದು, ಅಪ್ಪನ ಕನ್ನಡಕದ ಕೆಳಗಿಂದ ಆ ಹಾಳೆ ಎಳೆದು ನೋಡಿಕೊಂಡು ಮಾಡುತ್ತೇನೆ.